ಅಪ್ಪನ ಹೊಟ್ಟೆಯ ಲೆಕ್ಕ

"ಲೂಸ್ ಮೋಶನ್ ಏನಾದರೂ ಇದೆಯಾ?" ಎಂದು ಡಾಕ್ಟರು ಕೇಳಿದಾಗ "ಇಲ್ಲ" ಎಂದವಳು ನಾನು. ಅಪ್ಪನಲ್ಲ, ಅಮ್ಮನಲ್ಲ. ಅಷ್ಟೇ ಸಾಲದೆಂದು ಮಂಚದ ಕಾಲಿನ ಬಳಿ ತೂಗುತ್ತಿದ್ದ ಚಾರ್ಟನ್ನು ತೆಗೆದು ಐದು ದಿನಗಳ ಟಿಕ್ ಗುರುತುಗಳನ್ನೂ ತೋರಿಸಿದೆ.

ಅಪ್ಪನಿಗೆ ನ್ಯುಮೋನಿಯಾ ಆಗಿತ್ತು. ಡೊಂಬಿವಲಿಯ ನಮ್ಮ ಡಾಕ್ಟರು ಎಕ್ಸ್‌ರೇ ನೋಡಿದವರೇ ಠಾಣೆಯ ಒಂದು ಆಸ್ಪತ್ರೆಗೆ ಕಳಿಸಿದ್ದರು. ಅಲ್ಲಿ ದಿನಕ್ಕೆ ಮೂರು ಬಾರಿ ಸಲೈನ್ ಜೊತೆಗೆ ಆ್ಯಂಟಿಬಯೋಟಿಕ್ ಹೋಗುತ್ತಿತ್ತು. ಎರಡನೆಯ ದಿನ ಒಬ್ಬ ಕಿರಿಯ ಡಾಕ್ಟರು ಬಂದು, ಜೊತೆಗೆ ಪ್ರೊಬಯೋಟಿಕ್ ಕ್ಯಾಪ್ಸುಲ್ ಬೇಕಿದ್ದರೆ ಕೊಡಬಹುದು, ಕಡ್ಡಾಯವಲ್ಲ ಎಂದರು. ಆ್ಯಂಟಿಬಯೋಟಿಕ್ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಕ್ಯಾಪ್ಸುಲ್ ಅದರ ಜಾಗಕ್ಕೆ ಬೇರೆ ಜೀವಂತ ಬ್ಯಾಕ್ಟೀರಿಯಾವನ್ನು ಕಳಿಸುತ್ತದೆ, ಭೇದಿ ತಡೆಯಬಹುದು ಎಂಬ ಆಸೆ ಅದರ ಹಿಂದೆ.

ಅಪ್ಪ ನನ್ನ ಮುಖ ನೋಡಿದರು. "ನೀನು ಆಫೀಸಿನಲ್ಲಿ ಇದೇ ಅಲ್ವಾ ಮಾಡುದು? ಬೇಕಾ ಅದು?"

ಹೌದು, ಇದೇ. ಚಿಕಿತ್ಸೆಗಳ ಖರ್ಚು-ಪ್ರಯೋಜನ ಅಳೆಯುವ ನವಿ ಮುಂಬಯಿಯ ನನ್ನ ಕಚೇರಿಯಲ್ಲಿ ಆ ತಿಂಗಳು ನನ್ನ ಮುಂದಿದ್ದ ಪ್ರಶ್ನೆಯೇ ಅದು: ಆ್ಯಂಟಿಬಯೋಟಿಕ್ ತೆಗೆದುಕೊಳ್ಳುವ ಪ್ರತಿ ಒಳರೋಗಿಗೂ ಈ ಕ್ಯಾಪ್ಸುಲ್ ಕೊಟ್ಟರೆ ಖರ್ಚಿಗೆ ತಕ್ಕ ಪ್ರಯೋಜನ ಇದೆಯೇ? ಭೇದಿಯಾದರೆ ಎಷ್ಟು ದಿನ ಹೆಚ್ಚು ಹಾಸಿಗೆ, ಎಷ್ಟು ಪರೀಕ್ಷೆ, ಎಷ್ಟು ಔಷಧಿ, ನರ್ಸ್‌ಗಳ ಎಷ್ಟು ಸಮಯ, ಇವೆಲ್ಲ ನನ್ನ ಹಾಳೆಯ ಸಾಲುಗಳು. ಆ ವಾರ ಉತ್ತರ ಕ್ಯಾಪ್ಸುಲ್‌ಗೆ ವಿರುದ್ಧವಾಗಿ ವಾಲಿತ್ತು.

"ಬೇಡ ಅಪ್ಪ. ಉಪಯೋಗ ಖಚಿತ ಇಲ್ಲ," ಎಂದೆ.

ಅಪ್ಪನಿಗೆ ಖುಷಿಯಾಯಿತು. ಮೂವತ್ತು ವರ್ಷ ಕಲ್ಯಾಣದ ಹೋಟೆಲಿನ ಗಲ್ಲಾದಲ್ಲಿ ಕೂತವರು. ಪಕ್ಕದ ಮಂಚದವರಿಗೆ ಹೇಳಿದರು: "ನೋಡಿ, ಮಗಳನ್ನು ಓದಿಸಿದ್ದಕ್ಕೆ ಆಸ್ಪತ್ರೆಯಲ್ಲೂ ಲಾಭ ಬಂತು."

ಪಕ್ಕದ ಮಂಚದಲ್ಲಿದ್ದವರು ಹುಬ್ಬಳ್ಳಿ ಕಡೆಯ ಬಟ್ಟೆ ವ್ಯಾಪಾರಿ, ಕಾಲಿನ ಗಾಯಕ್ಕೆ ಸೇರಿದ್ದರು. "ಹಂಗಾದ್ರ ನನ್ನ ಗುಳಗಿನೂ ಒಂದೀಟು ನೋಡವಾ ತಂಗಿ," ಎಂದರು. "ಅರ್ಧಾ ಕಮ್ಮಿ ಮಾಡಿಸಿದ್ರ ನಿನಗ ಒಂದ್ ಇಳಕಲ್ ಸೀರಿ."

ಮೂರನೆಯ ದಿನಕ್ಕೆ ಜ್ವರ ಇಳಿಯಿತು. ನಾನು ಕೆಲಸಕ್ಕೆ ಹೋಗತೊಡಗಿದೆ. ಬೆಳಿಗ್ಗೆ ದಾರಿಯಲ್ಲಿ ಠಾಣೆಯಲ್ಲಿಳಿದು ಅರ್ಧ ಗಂಟೆ ವಾರ್ಡಿನಲ್ಲಿರುತ್ತಿದ್ದೆ. ನರ್ಸ್ ಸುತ್ತು ಬರುವುದೂ ಆಗಲೇ. ಮರಾಠಿಯಲ್ಲಿ ಪ್ರತಿದಿನ ಅದೇ ಪ್ರಶ್ನೆ: "ಕಾಕಾ, ಸಂಡಾಸ ಝಾಲೀ ಕಾ?" ಕಕ್ಕಸಾಯಿತೇ ಎಂದು. ಅಪ್ಪ "ಝಾಲೀ" ಎನ್ನುತ್ತಿದ್ದರು. ಆಕೆ ಟಿಕ್ ಹಾಕಿ ಮುಂದಿನ ಮಂಚಕ್ಕೆ ಹೋಗುತ್ತಿದ್ದಳು. ನಾನು ಟಿಕ್ ನೋಡಿ ಸ್ಟೇಷನ್ನಿಗೆ ಹೊರಡುತ್ತಿದ್ದೆ.

ಆರನೆಯ ದಿನ ಅರ್ಧ ರಜೆ ಹಾಕಿ ಮಧ್ಯಾಹ್ನ ಬಂದೆ. ಅಪ್ಪನ ತುಟಿ ಒಣಗಿ ಬಿಳಿಚಿತ್ತು. ಅರೆಗಣ್ಣಿನಲ್ಲಿ ನನ್ನನ್ನು ನೋಡಿ, "ಎರಡು ಚಾ ಯಾವ ಟೇಬಲ್ಲಿಗೆ?" ಎಂದು ಕೇಳಿದರು. ಹಿಂದೆಯೇ ಡಾಕ್ಟರು ರಕ್ತದ ರಿಪೋರ್ಟು ಹಿಡಿದು ಬಂದರು. ಕಿಡ್ನಿಯ ಕೆಲಸ ಕುಂದಿದೆ, ಮೈಯಲ್ಲಿ ನೀರೇ ಇಲ್ಲದ ಹಾಗಿದೆ, ಕಾರಣ ತಿಳಿಯಬೇಕು ಎಂದರು. ಲೂಸ್ ಮೋಶನ್ ಇದೆಯಾ ಎಂಬ ಆ ಪ್ರಶ್ನೆ ಕೇಳಿದ್ದು ಆಗ. ಆ ಉತ್ತರ ಕೊಟ್ಟದ್ದೂ ಆಗಲೇ.

ಅವರು ನಾಲ್ಕು ಹೆಜ್ಜೆ ಹೋಗಿರಬೇಕು.

"ತಂಗಿ, ಭೇದಿ ಇಲ್ಲಂತ ಹೇಳಿದೇನು?" ಬಟ್ಟೆ ವ್ಯಾಪಾರಿ ಮೊಣಕೈ ಊರಿ ಎದ್ದಿದ್ದರು.

"ಹೌದು."

"ಇಲ್ಲಂದ್ರ ಹೆಂಗವಾ? ಮೂರ್ ದಿನಾತು, ಆ ಸಂಡಾಸಿನ ಬಾಗಲಾ ಬಿಟ್ಟು ಬಂದಿಲ್ಲ ನಿಮ್ಮಪ್ಪಾರು. ನೀರ ಕೊಟ್ರ ಬ್ಯಾಡಂತಾರ. ಕುಡದ್ರ ಮತ್ತ ಹೋಗಬೇಕಾಕ್ಕೈತಿ ಅಂತಾರ. ನಿಮಗ ಗೊತ್ತೈತಿ ಅಂದ್ಕೊಂಡಿದ್ದೆ."

ನಾನು ಚಾರ್ಟನ್ನು ಮತ್ತೆ ನೋಡಿದೆ. ಐದು ಟಿಕ್‌ಗಳೂ ಸರಿಯಾಗಿಯೇ ಇದ್ದವು. ಅಪ್ಪ ಸುಳ್ಳು ಹೇಳಿರಲಿಲ್ಲ. ಆಯಿತೇ ಎಂದು ಕೇಳಿದ್ದರು, ಆಯಿತು ಎಂದಿದ್ದರು. ಎಷ್ಟು ಸಲ ಎಂದು ಯಾರೂ ಕೇಳಿರಲಿಲ್ಲ. ಇಂಥ ಚಾರ್ಟುಗಳಿಂದಲೇ ಬಂದ ಅಂಕಿಗಳನ್ನು ನಾನು ವರ್ಷಗಟ್ಟಲೆ ನಂಬಿ ಕೂಡಿಸಿದ್ದೆ. ಓಡಿ ಡಾಕ್ಟರನ್ನು ತಡೆದು, "ನಾನು ಹೇಳಿದ್ದು ತಪ್ಪು," ಎಂದೆ.

ನಾಲ್ಕು ಗಂಟೆಗೆ ಅಮ್ಮ ಗಂಜಿಯ ಡಬ್ಬಿ ಮತ್ತು ಒಂದು ದೊಡ್ಡ ಚೀಲ ಹಿಡಿದು ಬಂದಳು. ಅಷ್ಟರಲ್ಲಿ ಅಪ್ಪನಿಗೆ ಹೊಸ ಸಲೈನ್ ಏರಿತ್ತು, ಮಲವನ್ನು ಪರೀಕ್ಷೆಗೆ ಕಳಿಸಿಯಾಗಿತ್ತು. ಅಮ್ಮನನ್ನು ವರಾಂಡಕ್ಕೆ ಕರೆದೆ.

"ನಿನಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ? ದಿನಕ್ಕೆ ನಾಲ್ಕು ಲುಂಗಿ ಒಗೆದದ್ದು ಯಾರು ಮತ್ತೆ?"

ನಾನು ಆಫೀಸಿನಲ್ಲಿರುವಾಗ ಒಗೆದು, ಬಾಲ್ಕನಿಯಲ್ಲಿ ಹಾಕದೆ ಬಚ್ಚಲಲ್ಲೇ ಒಣಗಿಸಿ, ಮಡಚಿ ತರುತ್ತಿದ್ದಳಂತೆ. ಕೊಳೆಯಾದವನ್ನು ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಬಾಗಿಲ ಬಳಿಯೇ ನಿಂತು ಡೊಂಬಿವಲಿಯವರೆಗೆ ಒಯ್ಯುತ್ತಿದ್ದಳಂತೆ. ಸೀಟು ಸಿಕ್ಕಿದರೂ ಕೂರುತ್ತಿರಲಿಲ್ಲ, ಯಾರಿಗಾದರೂ ವಾಸನೆ ಬಂದೀತೆಂದು.

"ನನಗೆ ಯಾಕೆ ಹೇಳಲಿಲ್ಲ?"

"ಹೆಣ್ಣುಮಕ್ಕಳ ಹತ್ರ ಇದನ್ನೆಲ್ಲ ಹೇಳ್ಲಿಕ್ಕೆ ಆಗ್ತದಾ ಅಂತ ನಿನ್ನ ಅಪ್ಪ." ಅಮ್ಮ ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು, ಅದು ಬಿಗಿಯಾಗಿಯೇ ಇತ್ತು. "ಮತ್ತೆ, ಆ ಮಾತ್ರೆ ಬೇಡ ಅಂದದ್ದು ನೀನಲ್ವಾ ಮಗಾ. ಗೊತ್ತಾದ್ರೆ ನೀನು ಬೇಜಾರು ಮಾಡಿಕೊಳ್ತಿ ಅಂತ ಇವರಿಗೆ. ನಾಳೆಗೆ ಸರಿ ಆಗ್ತದೆ, ನಾಳೆಗೆ ಸರಿ ಆಗ್ತದೆ ಅಂತ್ಲೇ ಮೂರು ದಿನ ಹೋಯ್ತು."

ನನ್ನ ಲೆಕ್ಕ ತಪ್ಪೆಂದು ನನಗೆ ಕಾಣಿಸಬಾರದೆಂದು ಅಪ್ಪ ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಕ್ಯಾಪ್ಸುಲ್ ಕೊಟ್ಟಿದ್ದರೆ ಇದು ತಪ್ಪುತ್ತಿತ್ತೇ? ಗೊತ್ತಿಲ್ಲ. ಡಾಕ್ಟರನ್ನು ಕೇಳಿದೆ; ಅವರೂ ಗೊತ್ತಿಲ್ಲ ಎಂದರು. ನನ್ನ ಹಾಳೆಯ ಉತ್ತರ ಇಂದಿಗೂ ಸುಳ್ಳೆಂದು ನಾನು ಹೇಳಲಾರೆ. ಆದರೆ ಅದರಲ್ಲಿ ಲುಂಗಿಗಳಿಗೆ ಸಾಲು ಇರಲಿಲ್ಲ. ಬಾಗಿಲ ಬಳಿ ನಿಂತು ಬಂದ ಅಮ್ಮನಿಗೂ ಇರಲಿಲ್ಲ. ಚಾರ್ಟಿನಲ್ಲಿ ಬರೀ ಟಿಕ್ ಇರುವ ಅಪ್ಪನಂಥವರು ಅದರಲ್ಲಿ ಭೇದಿಯಾಗದವರ ಗುಂಪಿಗೆ ಸೇರಿರುತ್ತಾರೆ. ಎಷ್ಟು ಮಂದಿ ಎಂದು ತಿಳಿಯುವ ದಾರಿ ನನ್ನಲ್ಲಿಲ್ಲ.

ಮರುದಿನ ರಿಪೋರ್ಟು ಬಂತು. ಒಳ್ಳೆಯವು ಸತ್ತ ಜಾಗದಲ್ಲಿ ಕೆಟ್ಟದೊಂದು ಬ್ಯಾಕ್ಟೀರಿಯಾ ಬೆಳೆದಿತ್ತು. ಡಾಕ್ಟರು ಹಳೆಯ ಔಷಧಿ ನಿಲ್ಲಿಸಿ ಬೇರೆ ಶುರು ಮಾಡಿದರು. ಕಿಡ್ನಿ ಚೇತರಿಸಬೇಕಾದರೆ ಹೋದಷ್ಟು ನೀರು ಒಳಗೆ ಬರಬೇಕು, ಎಷ್ಟು ಸಲ ಹೋಗುತ್ತಾರೆ ಎಂದು ಯಾರಾದರೂ ಬರೆದಿಡಲೇಬೇಕು ಎಂದರು. ಅಪ್ಪನಿಗೆ ಅಷ್ಟು ಹೊತ್ತಿಗೆ ಪೂರ್ತಿ ಎಚ್ಚರವಿತ್ತು.

ನಾನು ಸ್ಟೂಲ್ ಎಳೆದು ಕೂತೆ. "ಅಪ್ಪ, ಬೆಳಿಗ್ಗೆಯಿಂದ ಎಷ್ಟು ಸಲ ಆಯಿತು?"

ಅಪ್ಪ ಗೋಡೆಯ ಕಡೆ ತಿರುಗಿದರು. "ಅಮ್ಮ ಬರ್ಲಿ. ಅವಳ ಹತ್ರ ಹೇಳ್ತೇನೆ."

"ಅಮ್ಮ ಬರುವುದು ಸಂಜೆಗೆ. ನನ್ನ ಹತ್ತಿರ ಹೇಳಿ."

ಪಕ್ಕದ ಮಂಚದವರು ಆ ಕಡೆ ಮಗ್ಗುಲಾಗಿ ಮುಸುಕೆಳೆದುಕೊಂಡರು.

"ಒಂಬತ್ತು," ಎಂದರು ಅಪ್ಪ, ಗೋಡೆಗೆ.

ಬರೆದುಕೊಂಡೆ. ಲೋಟಕ್ಕೆ ನೀರು ಬಗ್ಗಿಸಿದೆ.

"ಕುಡಿದ್ರೆ ಹತ್ತಾಗ್ತದೆ ಮಗಾ."

"ಆಗಲಿ," ಎಂದು ತಲೆಯ ಹಿಂದೆ ಕೈಕೊಟ್ಟು ಎಬ್ಬಿಸಿದೆ.