ಸೋಫಾದೊಳಗೆ ಹೊಲಿದುಹೋದ ದೀಪ

ನನ್ನ ನಾದಿನಿಯನ್ನು ಮೊದಲ ಸಲ ನೋಡಿದಾಗ ಅವಳ ಬಲಗೈ ನಮ್ಮ ಮನೆಯ ಸೋಫಾದೊಳಗೆ ಮೊಣಕೈವರೆಗೂ ಇಳಿದಿತ್ತು.

ನನ್ನ ಮದುವೆಯ ಮಾತುಕತೆಗೆಂದು ಹುಡುಗಿಯ ಮನೆಯವರು ಬಂದ ದಿನ ಅದು. ಹಿರಿಯರೆಲ್ಲ ಒಬ್ಬರಿಗೊಬ್ಬರು ‘ನೀವು ಕೂತ್ಕೊಳ್ಳಿ, ಅಯ್ಯೋ ಮೊದಲು ನೀವು ಕೂತ್ಕೊಳ್ಳಿ’ ಎಂದು ಉಪಚಾರ ಮಾಡುತ್ತ ನಿಂತೇ ಇದ್ದರು. ಹುಡುಗಿಯ ತಂಗಿ ಮಾತ್ರ ಸೋಫಾದ ಮುಂದೆ ಮಂಡಿಯೂರಿ, ದಿಂಬು ಎತ್ತಿಟ್ಟು, ಸೀಟಿಗೆ ಎರಡು ಗುದ್ದು ಕೊಟ್ಟು, ಹಿಂದಿನ ಸಂದಿಯಲ್ಲಿ ಕೈ ತೂರಿಸಿ, ಕಣ್ಣು ಮುಚ್ಚಿ ಏನನ್ನೋ ತಡಕಾಡುತ್ತಿದ್ದಳು. ಮುಖದಲ್ಲಿ ನಾಡಿ ಹಿಡಿದ ವೈದ್ಯರ ಗಾಂಭೀರ್ಯ. ಕೊನೆಗೆ ಒಂದು ಪೆನ್ನಿನ ಮುಚ್ಚಳ, ಒಂದು ಶರ್ಟಿನ ಗುಂಡಿ, ಯಾರೋ ಕದ್ದಿದ್ದಾರೆಂದು ನನ್ನ ಅಪ್ಪ ಮನೆಮಂದಿಯನ್ನೆಲ್ಲ ಬೈದಿದ್ದ ಉಗುರುಕತ್ತರಿ, ಇವನ್ನು ಟೀಪಾಯಿಯ ಮೇಲೆ ಸಾಲಾಗಿ ಇಟ್ಟು, “ಇಷ್ಟೇ ಇರೋದು” ಎಂದು ನಿಟ್ಟುಸಿರು ಬಿಟ್ಟಳು.

ನನಗೆ ಮೈ ಉರಿದುಹೋಯಿತು. ಅವರದು ಸೋಫಾ, ಕುರ್ಚಿಗಳಿಗೆ ಹೊಸ ಹೊದಿಕೆ ಹಾಕಿ ರಿಪೇರಿ ಮಾಡುವ ಅಂಗಡಿ ಎಂದು ತಿಳಿದಿತ್ತು. ನಮ್ಮ ಸೋಫಾವನ್ನು ಗುದ್ದಿ ನೋಡಿ ಈ ಹುಡುಗಿ ನಮ್ಮ ಅಂತಸ್ತು ಅಳೆಯುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಸೀಟಿನ ಹರಿದ ಭಾಗ ಗೋಡೆಯ ಕಡೆ ಬರುವಂತೆ ತಿರುಗಿಸಿಟ್ಟವನು ನಾನೇ. ನನ್ನ ಅಮ್ಮನ ತೀರ್ಮಾನ ಇನ್ನೂ ಸರಳವಾಗಿತ್ತು. “ಪಾಪ, ಆ ಹುಡುಗಿ ಏನೋ ಕಳ್ಕೊಂಡಿದೆ” ಎಂದಳು.

ಅಮ್ಮನೇ ಸರಿ. ಅದು ನನಗೆ ತಿಳಿದದ್ದು ಮದುವೆಯಾಗಿ ಎಷ್ಟೋ ಕಾಲದ ಮೇಲೆ. ಅಷ್ಟರಲ್ಲಿ ನಾದಿನಿ ನಮ್ಮ ನೆಂಟರಿಷ್ಟರ ಮನೆಯ, ದಂತವೈದ್ಯರ ಕಾಯುವ ಕೋಣೆಯ, ವಕೀಲರ ಕಚೇರಿಯ ಸೋಫಾಗಳಲ್ಲೆಲ್ಲ ಕೈಯಾಡಿಸಿ ಮುಗಿಸಿದ್ದಳು. ಒಂದು ದಿನ ಹೆಂಡತಿಯನ್ನು ಕೇಳಿಯೇ ಬಿಟ್ಟೆ: “ನಿನ್ನ ತಂಗಿಗೆ ಇದೆಂಥ ಚಟ?”

“ಚಟ ಅಲ್ಲ. ದೀಪದಾಟ ಹುಡುಕ್ತಾಳೆ. ಅಪ್ಪ ಅದನ್ನ ಯಾವ್ದೋ ಸೋಫಾದೊಳಗೆ ಇಟ್ಟು ಹೊಲಿದುಬಿಟ್ರು.”

ಈ ಮಾತು ಅರ್ಥವಾಗಬೇಕಾದರೆ ಅವರ ಅಂಗಡಿಗೆ ಹೋಗಬೇಕು. ಸೈಕಲ್ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ. ಒಳಗೆ ಕಾಲು ಮೇಲೆ ಮಾಡಿ ಮಲಗಿದ ಸೋಫಾಗಳು. ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಮೂಲೆಯಲ್ಲಿ ಫೋಮಿನ ಗುಡ್ಡ, ಎಲ್ಲದರ ಮೇಲೂ ಅಂಟಿನ ವಾಸನೆ. ನನ್ನ ಮಾವನ ಬಾಯಲ್ಲಿ ಯಾವಾಗಲೂ ಸಣ್ಣ ಮೊಳೆಗಳು. ಒಂದೊಂದಾಗಿ ತುಟಿಯಿಂದ ತೆಗೆದು ಹೊಡೆಯುವುದು ಅವರ ಪದ್ಧತಿ. ಕಿರಿಮಗಳು ಕಸುಬಿನ ಜೊತೆಗೆ ಇದನ್ನೂ ಕಲಿತಳು. ಬಾಯಲ್ಲಿ ಮೊಳೆ ತುಂಬಿಕೊಂಡೇ ಗಿರಾಕಿಗಳೊಂದಿಗೆ ಮಾತಾಡುವ ಅವಳ ಕಲೆಯಿಂದಾಗಿ ಅಂಗಡಿಯಲ್ಲಿ ಚೌಕಾಸಿ ಕಡಿಮೆ. ಅವಳು ಹೇಳಿದ ದರ ಅರ್ಧ ಜನಕ್ಕೆ ತಿಳಿಯುವುದೇ ಇಲ್ಲ, ಮತ್ತೆ ಕೇಳಲು ಧೈರ್ಯವಿಲ್ಲ.

ಆ ಅಂಗಡಿಗೆ ಒಮ್ಮೆ ಬಿಲ್ಲು ಬರೆಯಲೆಂದು ಒಂದು ಕಂಪ್ಯೂಟರ್ ಬಂತು. ಬಿಲ್ಲು ಬರೆಯಲಿಲ್ಲ. ಅದರ ಜೊತೆಗೆ ಬಂದಿದ್ದ ಒಂದು ಆಟದ ಡಿಸ್ಕು ಮಾತ್ರ ಬಿಡುವಿಲ್ಲದೆ ತಿರುಗಿತು. ಒಂದು ದ್ವೀಪ. ಕುಳ್ಳನೊಬ್ಬ ಕೈಯಲ್ಲಿ ದೀಪ ಹಿಡಿದು, ಗುಹೆ, ಸೇತುವೆ, ಮೆಟ್ಟಿಲು ದಾಟಿ, ಆರಿಹೋದ ದೀಪಸ್ತಂಭದ ತುದಿಗೆ ಹೋಗಿ ಅದನ್ನು ಹೊತ್ತಿಸಬೇಕು. ದಾರಿಯಲ್ಲಿ ಗಾಳಿ ಬೀಸಿ ದೀಪ ಆರಿತೋ, ಮೊದಲಿನಿಂದ ಶುರು. ಆಟಕ್ಕೊಂದು ದೊಡ್ಡ ಹೆಸರಿತ್ತಂತೆ. ಇವರ ಬಾಯಲ್ಲಿ ಅದು ದೀಪದಾಟ. ಸಂಜೆ ಬಾಗಿಲು ಅರ್ಧ ಎಳೆದು ಮಗಳು ಕೀಲಿಮಣೆಯ ಮುಂದೆ ಕೂರುವಳು. ಅಪ್ಪ ಹಿಂದೆ ನಿಂತು, ಹೆಗಲ ಮೇಲೆ ಕೈಯಿಟ್ಟು ದಾರಿ ಹೇಳುವರು. ಹಗಲೆಲ್ಲ ಒಬ್ಬರ ಕೆಲಸದಲ್ಲಿ ಒಬ್ಬರು ತಪ್ಪು ಹುಡುಕುವ ಇಬ್ಬರಿಗೆ ಜಗಳವಿಲ್ಲದ ಜಾಗ ಅದೊಂದೇ.

ಕೊನೆಯ ಮೆಟ್ಟಿಲಿನವರೆಗೂ ಹೋಗಿದ್ದರು. ಅಲ್ಲಿ ಕಿಟಕಿಗಳಿಂದ ಗಾಳಿ ನುಗ್ಗಿ ಪ್ರತಿ ಸಲವೂ ದೀಪ ಆರುತ್ತಿತ್ತು. ಹೀಗಿರುವಾಗ ಒಂದು ದಿನ ಮಾವ ಡಿಸ್ಕಿಗೆ ಅಂಗಡಿಯ ದೂಳು ತಾಗಬಾರದೆಂದು ಅಲ್ಲಿದ್ದ ಅತ್ಯಂತ ಶುಭ್ರವಾದ ಜಾಗದಲ್ಲಿ ಅದನ್ನಿಟ್ಟರು. ಆಗಷ್ಟೇ ಹೊಸ ಬಟ್ಟೆ ಹೊದಿಸಿದ್ದ, ಮೊಳೆ ಹೊಡೆಯುವುದು ಬಾಕಿಯಿದ್ದ ಸೋಫಾ ಸೀಟಿನ ಅಡಿ. ಅಷ್ಟರಲ್ಲಿ ಗಿರಾಕಿ ಬಂದು ಅವಸರ ಮಾಡಿದ. ಮಾವ ಟಕಟಕನೆ ಮೊಳೆ ಹೊಡೆದರು, ಗಾಡಿಗೆ ಏರಿಸಿದರು, ಕೈ ಒರೆಸಿಕೊಂಡರು. ದೀಪ, ದ್ವೀಪ, ಕುಳ್ಳ, ಎಲ್ಲ ಯಾರದೋ ಆಸನದ ಕೆಳಗೆ ಭದ್ರವಾಗಿ ಊರು ಸೇರಿದವು. ಆ ವಾರ ಎಷ್ಟೋ ಸೋಫಾ ಹೋಗಿದ್ದವು. ಯಾವುದೆಂದು ಯಾರಿಗೆ ಗೊತ್ತು?

“ಇಟ್ಟಿದ್ದು ಹೌದು, ತೆಗೆದಿದ್ದೂ ಹೌದು” ಎಂಬುದು ಮಾವನ ವಾದ. “ನನ್ನ ಕೈಯಲ್ಲಿ ಹೊಲಿದ ಸೋಫಾದೊಳಗೆ ಒಂದು ದಾರದ ತುಂಡೂ ಹೆಚ್ಚಿಗೆ ಇರಲ್ಲ.”

“ತೆಗೆದಿದ್ರೆ ಎಲ್ಲಿ?” ಎಂಬುದು ಮಗಳ ಪ್ರಶ್ನೆ.

ಮಾವ ಆಗ ಬಾಯಿಗೆ ಮೊಳೆ ತುಂಬಿಕೊಳ್ಳುತ್ತಿದ್ದರು.

ಇದು ನಗುವ ವಿಷಯವಾಗಿಯೇ ಇರುತ್ತಿತ್ತು, ಮಾವನ ಕಣ್ಣು ಮಂಜಾಗದಿದ್ದರೆ. ಮೊದಲು ಸೂಜಿ ಪೋಣಿಸುವುದು ಹೋಯಿತು, ಆಮೇಲೆ ಸುತ್ತಿಗೆ ಮೊಳೆ ಬಿಟ್ಟು ಬೆರಳಿಗೆ ಬೀಳತೊಡಗಿತು. ಕಣ್ಣಿನ ಒಳಪರದೆ ಸವೆಯುತ್ತಿದೆ, ನಿಧಾನ ಮಾಡಬಹುದು, ನಿಲ್ಲಿಸಲಾಗದು ಎಂದರು ಡಾಕ್ಟರು. ದೊಡ್ಡದು, ಹೊಳೆಯುವುದು ಮಾತ್ರ ಇನ್ನೂ ಕಾಣುತ್ತದೆ. ಅದೂ ಎಷ್ಟು ದಿನವೋ. ಅಂದು ಆಸ್ಪತ್ರೆಯಿಂದ ಬರುತ್ತ ನಾದಿನಿ ಒಂದೇ ಮಾತು ಹೇಳಿದ್ದು. “ಆ ದೀಪ ಹತ್ತೋದನ್ನ ಅಪ್ಪ ನೋಡಬೇಕಿತ್ತು, ಭಾವ.” ಆಮೇಲೆ ಬಂದ ಸೋಫಾಗಳಲ್ಲಿ ಅವಳ ಕೈ ಇನ್ನೂ ಆಳಕ್ಕೆ ಇಳಿಯಿತು.

ನಾನು ಸಮಾಧಾನದ ಭಾಷಣ ಶುರುಮಾಡಿದೆ. ಬದುಕಿನಲ್ಲಿ ಅಪೂರ್ಣವಾಗಿ ಉಳಿದದ್ದರಲ್ಲೇ ಸೌಂದರ್ಯವಿದೆ, ಇತ್ಯಾದಿ. ನನ್ನಂತೆ ಪತ್ರಿಕೆಗೆ ಬರೆಯುವವರ ಮನೆಯಲ್ಲಿ ಇಂಥ ಮಾಲು ಸದಾ ಸಿದ್ಧವಿರುತ್ತದೆ. ಅವಳು ಪೂರ್ತಿ ಕೇಳಿ, “ಭಾವ, ಕಾಲು ಸ್ವಲ್ಪ ಎತ್ತಿ” ಎಂದು ನನ್ನ ಪಾದದಡಿಯಲ್ಲಿದ್ದ, ಸೀಟಿನ ಕೆಳಗೆ ಬಿಗಿಯುವ ಪಟ್ಟಿಯನ್ನು ಎಳೆದುಕೊಂಡಳು.

ಭಾಷಣಕ್ಕೆ ಸಿಗದ ಪರಿಹಾರವನ್ನು ಒಂದು ಹರಿದ ಕುರ್ಚಿ ತಂದಿತು. ನಾಯಿ ಬೆಕ್ಕುಗಳಿಗೆ ಔಷಧಿ ಕೊಡುವ ಡಾಕ್ಟರಮ್ಮ ಒಬ್ಬರು ಉದ್ದ ಬೆನ್ನಿನ, ಕೆಂಪು ಕಪ್ಪು ಪಟ್ಟೆಯ ಕುರ್ಚಿ ತಂದು ಇಳಿಸಿದರು. ನಾದಿನಿ ಅಭ್ಯಾಸಬಲದಿಂದ ಸಂದಿಗೆ ಕೈಹಾಕಿ, “ಎಡಗಡೆ ಚೆನ್ನಾಗಿದೆ, ಬಲಗಡೆ ಪೂರ್ತಿ ಸವೆದಿದೆಯಲ್ಲ ಡಾಕ್ಟ್ರೇ?” ಎಂದಳು.

“ಕಂಪ್ಯೂಟರಲ್ಲಿ ಕಾರಿನ ಆಟ ಆಡ್ತೀನಿ. ತಿರುವು ಬಂದಾಗ ನಾನೂ ವಾಲ್ತೀನಿ” ಎಂದರು ಡಾಕ್ಟರಮ್ಮ, ಒಂದಿಷ್ಟೂ ನಾಚದೆ.

ಒಂದು ಹುಚ್ಚಿಗೆ ಇನ್ನೊಂದು ಹುಚ್ಚು ಸಿಕ್ಕಿತು. ದೀಪದಾಟದ ಕಥೆ ಕೇಳಿ ಆಕೆ ನಕ್ಕುಬಿಟ್ಟರು. “ಆ ಡಿಸ್ಕು ಸಿಕ್ಕಿದ್ರೂ ಏನ್ಮಾಡ್ತಿದ್ರಿ? ಈಗಿನ ಕಂಪ್ಯೂಟರಿಗೆ ಡಿಸ್ಕು ಹಾಕೋ ಬಾಯೇ ಇಲ್ಲ. ಬಾಯಿದ್ರೂ ಅಷ್ಟು ಹಳೇದು ಅದಕ್ಕೆ ಜೀರ್ಣ ಆಗಲ್ಲ. ಹಳೇ ಆಟಗಳನ್ನೇ ಹುಡುಕಿ, ಹಕ್ಕಿದ್ದವರನ್ನ ಒಪ್ಪಿಸಿ, ಈಗಿನ ಯಂತ್ರದಲ್ಲಿ ನಡೆಯೋ ಹಾಗೆ ಮಾಡಿ ಮಾರೋ ಅಂಗಡಿಗಳಿವೆ ಇಂಟರ್ನೆಟ್‌ನಲ್ಲಿ. ನಾನು ಅಲ್ಲಿಯ ಕಾಯಂ ಗಿರಾಕಿ. ತಡೀರಿ, ನೋಡೋಣ.” ಅಲ್ಲೇ ಫೋನು ತೆಗೆದು ಹುಡುಕಿದರು. ಪರದೆಯ ಮೇಲೆ ದೀಪ ಹಿಡಿದ ಕುಳ್ಳ ನಿಂತಿದ್ದ.

ನಾದಿನಿ ಕುಣಿದಾಡಿದಳು ಎಂದು ಬರೆಯುವ ಆಸೆ ನನಗೆ. ಆದರೆ ಅವಳ ಮುಖ ಗಂಟಿಕ್ಕಿತು. ಹಳೆಯ ಚೌಕಟ್ಟಿಗೆ ಮಿರಮಿರ ಬಟ್ಟೆ ಹೊದಿಸಿ, ಒಳಗಿನ ಒಳ್ಳೆಯ ಸ್ಪ್ರಿಂಗು ಕಿತ್ತು ಅಗ್ಗದ ಫೋಮು ತುಂಬುವವರನ್ನು ಅವಳು ಬೇಕಾದಷ್ಟು ನೋಡಿದ್ದಾಳೆ. “ಹೊಸದು ಅಂತ ಮಾಡಿ ಹಳೇದನ್ನ ಸಾಯಿಸಿರ್ತಾರೆ” ಎಂದು ಗೊಣಗಿದಳು. ಆದರೂ ಕೊಂಡಳು. ಅಂಗಡಿಯ ಲ್ಯಾಪ್‌ಟಾಪಿಗೆ ಆಟ ಇಳಿಯಿತು. ಅದರ ಜೊತೆಗೆ, ಹಿಂದೆ ಡಿಸ್ಕಿನ ಡಬ್ಬಿಯಲ್ಲಿದ್ದ ಪುಟ್ಟ ಪುಸ್ತಕವೂ ಪುಟಪುಟವಾಗಿ ಬಂತು.

ಮೊದಲ ಪರೀಕ್ಷೆಗೆ ನಾನೂ ಹಾಜರಿದ್ದೆ. ಅವಳು ದ್ವೀಪದ ಅಂದಚಂದ ನೋಡಲಿಲ್ಲ. ನೇರ ಸೇತುವೆಗೆ ಹೋದಳು. ಆಟ ಮಾಡಿದವರು ಅಲ್ಲೊಂದು ತಪ್ಪು ಉಳಿಸಿದ್ದರಂತೆ. ಮುಂದೆ ನಡೆದರೆ ಕುಳ್ಳನ ಕಾಲು ಹಲಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಹಿಮ್ಮುಖವಾಗಿ ನಡೆಸಿದರೆ ಸಲೀಸಾಗಿ ದಾಟುತ್ತಾನೆ. ಅದನ್ನು ಕಂಡುಹಿಡಿದವರು ಮಾವ. ನಾದಿನಿ ಉಸಿರು ಹಿಡಿದು ಕುಳ್ಳನನ್ನು ಮುಂದಕ್ಕೆ ನಡೆಸಿದಳು. ಕಾಲು ಸಿಕ್ಕಿಕೊಂಡಿತು.

“ಸಿಕ್ಕಾಕ್ಕೊಂಡ! ಭಾವ, ಸಿಕ್ಕಾಕ್ಕೊಂಡ!” ಎಂದು ಅವಳು ಕೂಗಿದ ರಭಸಕ್ಕೆ ಸೈಕಲ್ ಅಂಗಡಿಯವನು ಯಾರೋ ಕಳ್ಳ ಸಿಕ್ಕಿದನೆಂದು ಸ್ಪ್ಯಾನರ್ ಹಿಡಿದು ಓಡಿಬಂದ.

ಅವನನ್ನು ಕಳುಹಿಸಿದ ಮೇಲೆ ನಾನು ಗಂಟಲು ಸರಿಮಾಡಿಕೊಂಡು, “ಇಷ್ಟೆಲ್ಲ ಮಾಡಿದವರು ಆ ತಪ್ಪನ್ನೂ ತಿದ್ದಬಹುದಿತ್ತಲ್ಲ?” ಎಂದೆ.

“ಒಬ್ಬರು ಅಜ್ಜಿ ಕುರ್ಚಿ ತಂದಿದ್ರು ಭಾವ. ಕೂತ್ರೆ ಎಡಕ್ಕೆ ವಾಲ್ತಿತ್ತು. ನಾನು ದೊಡ್ಡ ಬುದ್ಧಿವಂತೆ, ನೆಟ್ಟಗೆ ಮಾಡಿ ಕೊಟ್ಟೆ. ಮಾರನೇ ದಿನ ವಾಪಸ್ ತಂದ್ರು. ಇದು ನನ್ನ ಕುರ್ಚಿ ಅಲ್ಲ, ಯಾರದೋ ಕೊಟ್ಟಿದೀಯ ಅಂತ ಬೈದ್ರು. ಮತ್ತೆ ವಾಲಿಸಿ ಕೊಟ್ಟೆ. ಈ ಹಳೇ ಆಟದ ಅಂಗಡಿಯೋರಿಗೆ ಆ ಬುದ್ಧಿ ಮೊದಲೇ ಇದೆ. ಚೌಕಟ್ಟು ಮುಟ್ಟಿಲ್ಲ, ಸ್ಪ್ರಿಂಗು ಮುಟ್ಟಿಲ್ಲ. ಕೆಳಗಿನ ಪಟ್ಟಿ ಮಾತ್ರ ಹೊಸದು, ಕೂತ್ರೆ ಹರೀಬಾರ್ದು ಅಂತ. ಇದು ನಮ್ಮ ಕಸುಬು ಕಣ್ರೀ!”

ಉಳಿದದ್ದು ಒಂದೇ ತೊಡಕು. ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲಿ ಮಾವನಿಗೆ ಕುಳ್ಳನೂ ಕಾಣಲಿಲ್ಲ, ದೀಪವೂ ಕಾಣಲಿಲ್ಲ. “ನೀನೇ ಆಡ್ಕೋ ಹೋಗು” ಎಂದು ಗೋಡೆಯ ಕಡೆ ಮುಖ ತಿರುಗಿಸಿದರಂತೆ. ಹಾಗಾಗಿ ಒಂದು ಭಾನುವಾರ ಮಧ್ಯಾಹ್ನ, ನೆಂಟರ ಮನೆಗಳಲ್ಲೆಲ್ಲ ದೊಡ್ಡದೆಂದು ನಾನು ಆಗಾಗ ಸೂಚಿಸುತ್ತಿದ್ದ ನಮ್ಮ ಟಿವಿಯ ಮುಂದೆ ಇಡೀ ತಂಡ ಬಂದು ಕೂತಿತು. ಹೆಂಡತಿ ಕಿಟಕಿಯ ಪರದೆಗಳನ್ನು ಎಳೆದು ಕೋಣೆ ಕತ್ತಲು ಮಾಡಿದಳು. ನಾದಿನಿ ಲ್ಯಾಪ್‌ಟಾಪಿನಿಂದ ಟಿವಿಗೆ ತಂತಿ ಸಿಕ್ಕಿಸಿ ನೆಲದ ಮೇಲೆ ಕೂತಳು. ಮಾವ ಅವಳ ಹಿಂದೆ ಸೋಫಾದಲ್ಲಿ ಕೂತು, ಕೈ ಚಾಚಿ ಅವಳ ಹೆಗಲು ಹುಡುಕಿಕೊಂಡರು.

“ಕಾಣುತ್ತಾ ಅಪ್ಪ?”

“ಏನೋ ಹಳದಿ ಓಡಾಡ್ತಿದೆ. ಅವನೇನಾ?”

“ಅವನೇ.”

“ಸರಿ, ಸೇತುವೆ ಹತ್ರ ಹಿಂದಕ್ಕೆ ನಡೆಸು. ಮರ್ತಿದೀಯೇನೋ.”

“ನಾನು ಮರೀತೀನಾ? ಇಟ್ಟಿದ್ದು ಮರೆಯೋರು ಬೇರೆ ಇದಾರೆ.”

“ಏಯ್, ತೆಗೆದಿದ್ದೆ ಅಂತ ಹೇಳ್ಲಿಲ್ವಾ?”

ಸೇತುವೆ ದಾಟಿದರು. ಗುಹೆ ದಾಟಿದರು. ಕೊನೆಯ ಮೆಟ್ಟಿಲಲ್ಲಿ ಗಾಳಿ ನುಗ್ಗಿ ದೀಪ ಆರಿತು. ಮೊದಲಿನಿಂದ ಬಂದರು, ಮತ್ತೆ ಆರಿತು. ಟೀ ತಂದ ಹೆಂಡತಿ ಲೋಟ ಹಿಡಿದು ನಿಂತೇ ಇದ್ದಳು. ಮೂರನೆಯ ಸಲ ಮೆಟ್ಟಿಲ ಬುಡಕ್ಕೆ ಬಂದಾಗ ಮಾವ ನಾದಿನಿಯ ಹೆಗಲು ಒತ್ತಿದರು.

“ನಿಲ್ಲು. ಅದೇನದು, ಶಿಳ್ಳೆ?”

“ಯಾವ ಶಿಳ್ಳೆ?”

“ಗಾಳಿ ಬರೋ ಮುಂಚೆ ಸಣ್ಣಗೆ ಶಿಳ್ಳೆ ಹೊಡೀತಿದೆ. ಕೇಳ್ತಿಲ್ವಾ ನಿಮಗ್ಯಾರಿಗೂ?”

ನಮಗ್ಯಾರಿಗೂ ಕೇಳಿರಲಿಲ್ಲ. ಅಂಗಡಿಯಲ್ಲಿ ಸುತ್ತಿಗೆ, ರಸ್ತೆ, ಮುರುಕು ಸ್ಪೀಕರು. ಅಲ್ಲಿ ಮಾವನಿಗೂ ಕೇಳಿರಲಾರದು. ಆಗ ಅವರು ಕಣ್ಣನ್ನೇ ನಂಬಿದ್ದರು. ಈಗ ಕಿವಿ ಆ ಕೆಲಸಕ್ಕೆ ನಿಂತಿತ್ತು.

“ಕಂಬದ ಹಿಂದೆ ನಿಲ್ಲಿಸು. ನಿಲ್ಲು... ನಿಲ್ಲು... ಈಗ ಹೋಗು. ಹೋಗು ಅಂದ್ನಲ್ಲ! ನಿಲ್ಲು. ಈಗ!”

ಕುಳ್ಳ ಹತ್ತಿದ. ತುದಿಗೆ ಹೋಗಿ ಕೈಯೆತ್ತಿದ. ಇಡೀ ಟಿವಿ ಹಳದಿಯಾಯಿತು. ಆ ಬೆಳಕು ಕೋಣೆಗೆ ಚೆಲ್ಲಿ ಮಾವನ ಮುಖದ ಮೇಲೆ ಬಿತ್ತು. ಅವರು ಸ್ವಲ್ಪ ಮುಂದೆ ಬಾಗಿದರು.

“ಹತ್ತಿತು” ಎಂದರು. “ಕಾಣ್ತು ಕಣೇ, ಚೆನ್ನಾಗಿ ಕಾಣ್ತು.”

ನಾದಿನಿ ಹೆಗಲ ಮೇಲಿದ್ದ ಅಪ್ಪನ ಕೈ ಹಿಡಿದುಕೊಂಡಳು. ಪರದೆಯ ಮೇಲೆ ಶಹಭಾಸ್ ಎನ್ನುವ ಅರ್ಥದ ಎರಡು ಸಾಲು ಬಂದು ಹೋದವು. ಇಷ್ಟು ವರ್ಷ ಕಾದವರಿಗೆ ಅಷ್ಟೇ ಬಹುಮಾನ. ಕುಳ್ಳ ಮತ್ತೆ ಆಟ ಶುರುವಾಗುವ ದಡದಲ್ಲಿ ನಿಂತಿದ್ದ.

ಮಾವ ಸೋಫಾಕ್ಕೆ ಒರಗಿ, ನನ್ನ ಕಡೆ ತಿರುಗಿ, “ನೋಡಿದ್ರಾ ಅಳಿಯಂದ್ರೇ? ಅಂಗಡೀಲಿ ಭದ್ರವಾಗೇ ಇತ್ತು. ನಾನು ಸೋಫಾದೊಳಗೆ ಬಿಟ್ಟಿರ್ಲಿಲ್ಲ ಅಂತ ಆವಾಗ್ಲೇ ಹೇಳಿದ್ದೆ” ಎಂದರು. ಆಮೇಲೆ ಮಗಳ ಹೆಗಲು ತಟ್ಟಿದರು. “ಮತ್ತೆ ಶುರು ಮಾಡು. ಸೌಂಡು ಜಾಸ್ತಿ ಇಡು. ಈ ಸಲ ಪೂರ್ತಿ ಕಣ್ಣು ಮುಚ್ಕೊಂಡೇ ದಾರಿ ಹೇಳ್ತೀನಿ. ಈಗ್ಲೇ ಕಲ್ತಿಟ್ಕೋಬೇಕು.”

ನಾದಿನಿ ಮೂಗು ಒರೆಸಿಕೊಂಡು ಎದ್ದಳು. ನಾನು ಕೂತಿದ್ದ ಕಡೆಗೆ ಬಂದು ಮಂಡಿಯೂರಿ, ಸೋಫಾದ ಸಂದಿಯೊಳಗೆ ಮೊಣಕೈವರೆಗೆ ಕೈ ಇಳಿಸಿದಳು. ಮೊದಲ ದಿನದ ಹಾಗೆಯೇ, ಕಣ್ಣು ಮುಚ್ಚಿ. ನನ್ನೊಳಗಿನ ಬರಹಗಾರ ತಡೆಯದಾದ. ದನಿಯನ್ನು ಆದಷ್ಟು ಮೃದು ಮಾಡಿಕೊಂಡು ಕೇಳಿದೆ:

“ದೀಪ ಸಿಕ್ಕಾಯ್ತಲ್ಲ. ಇನ್ನೂ ಏನನ್ನ ಹುಡುಕ್ತಿದೀಯಮ್ಮ? ಕಳೆದುಹೋದ ಕಾಲವನ್ನಾ?”

“ರಿಮೋಟು. ನೀವು ಅದರ ಮೇಲೇ ಕೂತಿದೀರ. ಏಳಿ ಭಾವ.”