ಒಡಪಿನ ಅತ್ತೆಗೆ ಮಾತು ಸಿಗದಾದಾಗ

ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಅಂದು ನಾದಿನಿ ಮಹಾದೇವಿಯ ಕುಬಸ. ಏಳು ತಿಂಗಳ ಬಸುರಿಯನ್ನು ನಡುವೆ ಕೂರಿಸಿ ಹೆಣ್ಣುಮಕ್ಕಳೆಲ್ಲ ಸುತ್ತ ಕೂತಿದ್ದೆವು. ಸುರಪುರದಿಂದ ಬಂದ ಬೀಗರು ಒಂದು ಕಡೆ, ಓಣಿಯವರು ಇನ್ನೊಂದು ಕಡೆ. ಪಕ್ಕದ ಮನೆಯ ರಜಿಯಾಬಿ ಬಾಗಿಲ ಹತ್ತಿರ ತನ್ನ ಕಾಯಂ ಜಾಗದಲ್ಲಿ. ಮಾವನವರೂ ಉಳಿದ ಗಂಡಸರೂ ಹೊರಗೆ ಕಟ್ಟೆಯ ಮೇಲೆ. ಆರತಿ ಮುಗಿದ ಮೇಲೆ ಒಬ್ಬೊಬ್ಬರೂ ಗಂಡನ ಹೆಸರು ಹೇಳಬೇಕು. ಬರಿದೇ ಹೇಳುವಂತಿಲ್ಲ, ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಹೆಣೆದು ಹೇಳಬೇಕು. ಅದೇ ಒಡಪು.

ನನ್ನ ಅತ್ತೆ ಗೌರಮ್ಮನವರ ಸರದಿ ಯಾವಾಗಲೂ ಕೊನೆಗೆ. ಅವರು ಮೊದಲು ಹೇಳಿಬಿಟ್ಟರೆ ಮಿಕ್ಕವರ ಒಡಪು ಉಪ್ಪಿಲ್ಲದ ಸಾರು.

“ಕಾಲುವಿಗೆ ನೀರು ಬಿಟ್ಟರ ಹೊಲಕ್ಕ ಹಸರು...” ಎಂದು ಎತ್ತಿದರು. ನಿಂತರು.

“ಮುಂದ ಹೇಳ್ರಿ ಬೀಗತೇರ,” ಅಂದರು ಸುರಪುರದವರು.

“ಅರೆ ಅಕ್ಕಾ, ಗಂಡನ ಹೆಸರು ಮರತೀಯೇನು? ಹೊರಗ ಕುಂತಾರ, ಕರೀಲೇನು?” ಅಂದಳು ರಜಿಯಾಬಿ. ಪಡಸಾಲೆಯೇ ನಕ್ಕಿತು.

ಅತ್ತೆ ನಗಲಿಲ್ಲ. ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು.

ಕೈಯಲ್ಲಿದ್ದ ಕುಂಕುಮದ ಬಟ್ಟಲನ್ನು ನೆಲಕ್ಕೆ ಬಡಿದು ಒಳಗೆ ಹೋದರು.

ನಾನು ಕೆಂಭಾವಿಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಕೇಳಿದ್ದಕ್ಕೆ ಹೂಂ, ಉಹೂಂ ಬಿಟ್ಟರೆ ಬಾಯಿ ಬಿಡುತ್ತಿರಲಿಲ್ಲ. “ಮಾತು ಅಂದ್ರ ರೊಟ್ಟಿ ಇದ್ದಂಗ ಸಂಗವ್ವಾ. ಬಡದಷ್ಟೂ ಹಿಗ್ತದ. ಹಿಟ್ಟು ಇಟ್ಕೊಂಡು ಕುಂತ್ರ ಹುಳೀತದ,” ಎನ್ನುತ್ತ ಒಲೆಯ ಮುಂದೆ ಕೂರಿಸಿ ನನಗೆ ಮಾತು ಕಲಿಸಿದವರು ಅವರೇ. ಗಾದೆ, ಬೈಗುಳ, ಜೋಗುಳ, ಸಂತೆಯಲ್ಲಿ ಚೌಕಾಸಿ, ಎಲ್ಲ ಅವರಿಂದ ಬಂದದ್ದು. ಅಂಥವರು ಮಾತು ಸಿಗದೆ ಬಟ್ಟಲು ಬಡಿದು ಎದ್ದು ಹೋಗಿದ್ದರು.

ಈಗ ಯೋಚಿಸಿದರೆ ಇದು ಆ ಕುಬಸಕ್ಕಿಂತ ಒಂದು ವರ್ಷ ಮೊದಲೇ ಶುರುವಾಗಿತ್ತು. “ಸಂಗವ್ವಾ, ಅದನ್ನ ತಾ. ಬೆಳ್ಳಂದು. ಅಡಿಗ್ಯಾಗ ಇಲ್ಲಂದ್ರ ಉಣ್ಣಾಕ ಬರಂಗಿಲ್ಲ ನೋಡು, ಅದು,” ಎನ್ನುತ್ತಿದ್ದರು. ಒಗಟು ಎಂದುಕೊಂಡು ನಾವು “ಉಪ್ಪು! ಉಪ್ಪು!” ಎಂದು ಗೆದ್ದವರ ಹಾಗೆ ಕೂಗುತ್ತಿದ್ದೆವು. ಅವರೂ ನಗುತ್ತಿದ್ದರು. ಇನ್ನು ಮಾವನವರ ಹೆಸರನ್ನು ಅವರು ದಿನನಿತ್ಯದಲ್ಲಿ ಎಂದೂ ಹೇಳಿದವರಲ್ಲ. ‘ಅವರು’, ‘ಮನ್ಯಾಗಿನವರು’, ಅಷ್ಟೇ. ಹೆಸರು ಹೇಳದಿರುವುದೇ ಮರ್ಯಾದೆ ಎಂದು ನಂಬಿದ ಮನೆಯಲ್ಲಿ, ಹೆಸರುಗಳು ಒಂದೊಂದಾಗಿ ಹೋಗುತ್ತಿವೆ ಎಂದು ಯಾರಿಗೆ ತಿಳಿಯಬೇಕು? ಅವರು ಕತ್ತಲಲ್ಲಿ ತಡಕಾಡುತ್ತಿದ್ದರು. ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಊರಿನ ಡಾಕ್ಟರು ಟೆನ್ಷನ್ ಅಂದರು, ವಿಟಮಿನ್ ಬರೆದರು. ನಾಲ್ಕು ತಿಂಗಳು ಹಾಗೇ ಹೋದವು. ಆಮೇಲೆ ಮಾವನವರೂ ನಾನೂ ಅತ್ತೆಯನ್ನು ಕರೆದುಕೊಂಡು ಕಲಬುರಗಿಗೆ ಹೋದೆವು.

ನ್ಯೂರಾಲಜಿ ಡಾಕ್ಟರು ಮೊದಲು ಬಾಚಣಿಗೆಯ ಚಿತ್ರ ತೋರಿಸಿದರು. ಅತ್ತೆ ತಲೆ ಬಾಚಿಕೊಳ್ಳುವಂತೆ ಕೈ ಆಡಿಸಿದರು. ಹೆಸರು ಬರಲಿಲ್ಲ. ಬೀಗದ ಕೈಯ ಚಿತ್ರ ತೋರಿಸಿದರು. ಕೈ ತಿರುವಿದರು.

“ನಿಮ್ಮ ಯಜಮಾನರ ಹೆಸರೇನ್ರಿ ಅಮ್ಮಾ?”

ಅತ್ತೆ ತಲೆ ತಗ್ಗಿಸಿದರು. “ಹೇಳಂಗಿಲ್ಲರಿ ಸರ್, ನಮ್ಮ ಕಡಿ ಗಂಡನ ಹೆಸರು ಹೇಳಂಗಿಲ್ಲ,” ಎಂದು ನಾನೇ ಅಡ್ಡ ಬಂದೆ.

“ಆತು, ಅದು ಬ್ಯಾಡ. ಇವರ ಹೆಸರು ಹೇಳ್ರಿ,” ಎಂದು ಡಾಕ್ಟರು ನನ್ನತ್ತ ಬೆರಳು ತೋರಿಸಿದರು.

ಇಪ್ಪತ್ತೆರಡು ವರ್ಷ. ದಿನಕ್ಕೆ ನೂರು ಸಲ ಕೂಗಿದ ಹೆಸರು. ಅತ್ತೆ ನನ್ನ ಮುಖ ನೋಡಿದರು.

“ಇಕಿ... ಇಕಿ ನನ್ನಾಕಿ.”

ಹೆಸರು ಬರಲಿಲ್ಲ.

ಎಂಆರ್‌ಐ ನೋಡಿ ಡಾಕ್ಟರು ಹೇಳಿದ ಹೆಸರು ನನಗೆ ಒಂದೇ ಸಲಕ್ಕೆ ನಾಲಿಗೆಗೆ ಹತ್ತಲಿಲ್ಲ. ಪ್ರೈಮರಿ ಪ್ರೊಗ್ರೆಸಿವ್ ಅಫೇಸಿಯಾ. “ಮೆದುಳಿನಾಗ ಮಾತು ನೋಡಿಕೊಳ್ಳೋ ಭಾಗ ಸಾವಕಾಶ ಸಣ್ಣದಾಗ್ಲಿಕತ್ತದ್ರಿ. ನಿಮ್ಮನ್ನ ಗುರುತು ಹಿಡೀತಾರ. ಹೆಸರು ಸಿಗವಲ್ದು, ಅಷ್ಟ. ಸ್ಪೀಚ್ ಥೆರಪಿ ಮಾಡಿಸ್ರಿ. ಆದ್ರ ಇದನ್ನ ನಿಲ್ಲಸೋ ಔಷಧ ಇಲ್ಲ.”

ನನಗೆ ಒಂದೇ ಭಯ. “ಸರ್, ನಾಳಿ ಎಲ್ಲ್ಯರ ನೋವಾದ್ರ ಅತ್ತಿ ಹೆಂಗ ಹೇಳ್ತಾರ್ರಿ?”

ಡಾಕ್ಟರು ಪೆನ್ನು ಕೆಳಗಿಟ್ಟರು. “ಅದನ್ನ ನೀವು ಇಬ್ಬರೂ ಕೂಡಿ ಕಲೀಬೇಕಾಗ್ತದಮ್ಮ.”

ವಾಪಸು ಬರುವಾಗ ಬಸ್ಸಿನಲ್ಲಿ ಮಾವನವರು ಕಿಟಕಿಯಾಚೆ ನೋಡುತ್ತ ಅಂದರು, “ನಾರಾಯಣಪುರ ಡ್ಯಾಮಿನ ನೌಕರಿಗಿದ್ದಾಗ ಕ್ವಾರ್ಟರ್ಸಿನಾಗ ಇಕಿಗೆ ಅಂತಿದ್ದೆ, ಡ್ಯಾಮಿನ ಗೇಟ್ ಆದ್ರೂ ಮುಚ್ಚಬಹುದು, ನಿನ್ನ ಬಾಯಿ ಮುಚ್ಚಾಕ ಆಗಂಗಿಲ್ಲ ಅಂತ.” ಅತ್ತೆ ಅವರ ಹೆಗಲಿಗೆ ಒರಗಿ ನಿದ್ದೆ ಮಾಡುತ್ತಿದ್ದರು.

ಥೆರಪಿಯವರು ಹೇಳಿದಂತೆ ನೀರಿನ ಲೋಟ, ರೊಟ್ಟಿ, ಬಚ್ಚಲು, ಮಾತ್ರೆ, ಎಲ್ಲದರ ಫೋಟೊ ತೆಗೆಸಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಮರುದಿನ ನೋಡಿದರೆ ಅತ್ತೆ ಎಲ್ಲವನ್ನೂ ಕಿತ್ತು ಒಲೆಯ ಪಕ್ಕದಲ್ಲಿ ಒಪ್ಪವಾಗಿ ಜೋಡಿಸಿಟ್ಟಿದ್ದರು. “ನನ್ನ ದೋಸ್ತ್‌ಗೆ ಅಂಗನವಾಡಿ ತೆಗದೀಯೇನು?” ಎಂದು ರಜಿಯಾಬಿ ನನ್ನನ್ನೇ ಬೈದಳು. ಅವಳು ದಿನಾ ಮಧ್ಯಾಹ್ನ ಬರುತ್ತಾಳೆ. ಅರ್ಧ ಕನ್ನಡ, ಅರ್ಧ ದಖನಿ ಉರ್ದು ಬೆರೆಸಿ ತಾನೇ ಮಾತಾಡುತ್ತಾಳೆ. ಅತ್ತೆ ಅವಳ ಎಲೆಯಡಿಕೆ ಚೀಲ ಕಸಿದುಕೊಳ್ಳುತ್ತಾರೆ. ಇಬ್ಬರೂ ನಗುತ್ತಾರೆ. ನನಗೆ ಹೊಟ್ಟೆಕಿಚ್ಚಾಗುವಷ್ಟು ನಗುತ್ತಾರೆ.

ಕಲಬುರಗಿಗೆ ಹೋಗಿ ಬಂದು ಈಗ ಎರಡು ವರ್ಷ. ಉಳಿದಿರುವುದು ಏಳೆಂಟು ಪದ. ಹೌದು ಅನ್ನಬೇಕಾದಲ್ಲಿ ಇಲ್ಲ ಅನ್ನುತ್ತಾರೆ, ಆಮೇಲೆ ತಪ್ಪಾಯಿತೆಂದು ತಮಗೇ ತಿಳಿದು ಹಣೆ ಬಡಿದುಕೊಳ್ಳುತ್ತಾರೆ. ಆ ಹಣೆ ಬಡಿದುಕೊಳ್ಳುವುದನ್ನು ನೋಡುವುದು ನನಗಿನ್ನೂ ರೂಢಿಯಾಗಿಲ್ಲ.

ಹೋದ ತಿಂಗಳು ಎರಡು ದಿನ ಊಟ ಬಿಟ್ಟರು. ತಟ್ಟೆ ಮುಂದಿಟ್ಟರೆ ದೂಡಿದರು. “ಹೊಟ್ಟಿ ನೋವೇನ್ರಿ?” “ಹೌದು.” “ತಲಿ ನೋವೇನ್ರಿ?” “ಹೌದು.” “ನನ್ನ ಮ್ಯಾಲ ಸಿಟ್ಟೇನ್ರಿ?” “ಹೌದು.” ನನಗೆ ಅಳು ಬಂತು. ಡಾಕ್ಟರ ಮುಂದೆ ಹೇಳಿದ್ದ ಭಯ ಎದುರಿಗೇ ಬಂದು ಕೂತಿತ್ತು.

ಅತ್ತೆ ಎದ್ದು ಬಂದರು. ನನ್ನ ಗದ್ದ ಹಿಡಿದರು. ಎತ್ತಿಗೆ ಔಷಧ ಹಾಕುವವರಂತೆ ಬಾಯಿ ಅಗಲಿಸಿದರು. ಬೆರಳು ಒಳಗೆ ಹಾಕಿ ನನ್ನ ಎಡಗಡೆಯ ಕೆಳದವಡೆಯ ಹಲ್ಲನ್ನು ಟಕಟಕ ಬಡಿದರು. ನಂತರ ತಮ್ಮ ಕೆನ್ನೆ ಮುಟ್ಟಿಕೊಂಡರು.

ಅವರ ಬಾಯಿ ತೆರೆಸಿ ನೋಡಿದೆ. ಅದೇ ಹಲ್ಲು. ವಸಡು ಕೆಂಪಗೆ ಊದಿತ್ತು.

ಅಂದೇ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗುಳಿಗೆ ಕೊಟ್ಟು ಬಾವು ಇಳಿಸಿ, ಐದನೆಯ ದಿನ ಹಲ್ಲು ಕಿತ್ತರು. ಮರುದಿನ ಮೆತ್ತಗೆ ನುಚ್ಚು ಕುದಿಸಿ ಮಜ್ಜಿಗೆ ಕಲಸಿ ಕೊಟ್ಟೆ. ಅತ್ತೆ ಎರಡು ಬಟ್ಟಲು ಉಂಡು, ಮೂರನೆಯದಕ್ಕೆ ಬಟ್ಟಲು ಮುಂದೆ ಚಾಚಿದರು.