ಬೆಳಗಿದ ಅಂಗಿ

ಜಪಾನಿನ ನಿಶಿ ಕಸಾಯಿಯ ನಮ್ಮ ಪುಟ್ಟ ಮನೆಯ ಅಡುಗೆಕಟ್ಟೆಯ ಮೂಲೆಯಲ್ಲಿ, ಸೋಯಾ ಸಾಸಿನ ಬಾಟಲಿಗೂ ಸಾರಿನ ಪುಡಿಯ ಡಬ್ಬಕ್ಕೂ ನಡುವೆ, ಒಂದು ಗಾಜಿನ ಭರಣಿಯಲ್ಲಿ ಕಪ್ಪಾದ ಹಳೆಯ ಹುಣಸೆಹಣ್ಣು ಕುಳಿತಿದೆ. ಸಾರಿಗೆ ಹೊಸ ಹುಣಸೆ, ಬೆಳಗುವುದಕ್ಕೆ ಹಳೆಯದು. ಇದು ಮೈಸೂರಿನ ನಮ್ಮಮ್ಮನಿಂದ ನಾನು ಕಲಿತ ಅರ್ಥಶಾಸ್ತ್ರ. ಅಮ್ಮನದು ಇನ್ನೊಂದು ಕಟ್ಟಳೆಯೂ ಇತ್ತು. ಎರವಲು ತಂದ ಪಾತ್ರೆಯನ್ನು ಬೆಳಗದೆ ಹಿಂತಿರುಗಿಸಬಾರದು, ಬೆಳಗಿದ ಮೇಲೂ ಬರಿದಾಗಿ ಕೊಡಬಾರದು, ಒಳಗೆ ಒಂದು ಹಿಡಿ ಸಕ್ಕರೆಯಾದರೂ ಇರಬೇಕು. ಪಕ್ಕದ ಮನೆಯವರ ಕೊಳಗ ನಮ್ಮ ಮನೆಗೆ ಬಂದು ಹೋದರೆ ಅದರ ಒಡತಿಗೇ ಗುರುತು ಸಿಗದಷ್ಟು ಥಳಥಳಿಸುತ್ತಿತ್ತು. ಈ ಒಳ್ಳೆಯ ಬುದ್ಧಿಯೇ ಒಮ್ಮೆ ನನ್ನ ಕೈಯಿಂದ ಎಂಥ ಕೆಲಸ ಮಾಡಿಸಿತೆಂಬುದನ್ನು ನಿಮ್ಮ ಮುಂದೆ ಹೇಳಿಕೊಳ್ಳದೆ ನನಗೆ ನೆಮ್ಮದಿಯಿಲ್ಲ.

ಆಗ ಜಗತ್ತೆಲ್ಲ ಮೂಗು ಬಾಯಿ ಮುಚ್ಚಿಕೊಂಡಿದ್ದ ಕಾಲ. ಮಿನಾಟೋದಲ್ಲಿದ್ದ ನನ್ನ ಗಂಡ ರಘುವಿನ ಆಫೀಸು ನಮ್ಮ ಊಟದ ಮೇಜಿಗೆ ಬಂದು ಕುಳಿತಿತ್ತು. ಹದಿಮೂರು ವರ್ಷದ ಮಗಳು ಸಿರಿಗೆ ಶಾಲೆ ಅರ್ಧ, ಗೆಳತಿಯರು ಇಲ್ಲವೇ ಇಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದವಳು ಕ್ರಮೇಣ ಯಾವ ಭಾಷೆಯಲ್ಲೂ ಉತ್ತರಿಸದಾದಳು. ಹಾಗಿರುವಾಗ ಅವಳೇ ಒಂದು ದಿನ, ಇಚಿಕಾವಾದ ಒಂದು ವ್ಯಾಯಾಮಶಾಲೆಯಲ್ಲಿ ಕತ್ತಿವರಸೆ ಕಲಿಸುತ್ತಾರಂತೆ, ಹೋಗಲೇ ಅಂದಳು. ಯಾರನ್ನೂ ಮುಟ್ಟಬೇಡಿ ಎಂದು ರೈಲಿನಿಂದ ಮೂಲೆಯ ಕೊಂಬಿನಿ ಅಂಗಡಿಯವರೆಗೆ ಎಲ್ಲ ಕಡೆ ಸಾರುತ್ತಿದ್ದ ಆ ದಿನಗಳಲ್ಲಿ, ಎದುರಿನವರನ್ನು ತಾಕುವುದೇ ಗುರಿಯಾದ ಆಟವೊಂದನ್ನು ನನ್ನ ಮಗಳು ಆರಿಸಿಕೊಂಡದ್ದು ನನಗೆ ವಿಚಿತ್ರವೆನಿಸಿತಾದರೂ, ಅವಳು ಬಾಯಿ ಬಿಟ್ಟು ಏನನ್ನೋ ಕೇಳಿದಳಲ್ಲ ಎಂಬ ಸಂತೋಷಕ್ಕೇ ಒಪ್ಪಿಕೊಂಡೆ.

ಕಲಿಸುತ್ತಿದ್ದವರು ಮಿನ್ ಸೆನ್ಸೇ, ಎಂದರೆ ಮಿನ್ ಟೀಚರು. ಕೊರಿಯಾದ ಹೆಂಗಸು, ಐವತ್ತರ ಹತ್ತಿರದವರು, ಸಣ್ಣ ಆಳು, ಎಡ ಮೊಣಕಾಲು ಸ್ವಲ್ಪ ಎಳೆದು ನಡೆಯುವವರು. ಒಂದು ಕಾಲಕ್ಕೆ ಅವರು ಸೇಬರ್ ಎಂಬ ಕತ್ತಿಯಲ್ಲಿ ತಮ್ಮ ದೇಶದ ಚಾಂಪಿಯನ್ ಆಗಿದ್ದರೆಂದು ಬೇರೆ ತಾಯಂದಿರಿಂದ ತಿಳಿಯಿತು. ಸೇಬರ್ ಎಂದರೆ ಚುಚ್ಚುವುದಕ್ಕಿಂತ ಹೆಚ್ಚಾಗಿ ಬೀಸಿ ಹೊಡೆಯುವ ಕತ್ತಿ. ಸೊಂಟದಿಂದ ಮೇಲೆ ಎಲ್ಲಿ ತಾಕಿದರೂ ಅಂಕ. ಕಣ್ಣಿಗೆ ನಿಲುಕದ ವೇಗವಾದ್ದರಿಂದ ಆಟಗಾರರು ಲೋಹದ ಎಳೆಗಳಿಂದ ನೇಯ್ದ ಅಂಗಿ ತೊಡುತ್ತಾರೆ. ಕತ್ತಿ ಅದಕ್ಕೆ ತಗುಲಿದ ಕ್ಷಣ ಯಂತ್ರದಲ್ಲಿ ದೀಪ ಹೊತ್ತುತ್ತದೆ. ಆದರೆ ಸಮುದ್ರದಂಡೆಯ ಒಂದು ಊರಿನಲ್ಲಿ ಉಪ್ಪು ಹಾಕಿದ ತರಕಾರಿ ಮಾರುವವಳ ಮಗಳಾದ ಮಿನ್ ಆಟ ಕಲಿತ ಶಾಲೆಯಲ್ಲಿ ಯಂತ್ರವೂ ಇರಲಿಲ್ಲ, ದೀಪವೂ ಇರಲಿಲ್ಲ. ಅಲ್ಲಿನ ಮೇಷ್ಟ್ರದು ಒಂದೇ ನಿಯಮ: ಏಟು ತಿಂದವರು ತಾವೇ ಕೈ ಎತ್ತಬೇಕು. ಅವರು ಹಾಗೆ ಕೈಯೆತ್ತುತ್ತಲೇ ಬೆಳೆದು, ರಾಷ್ಟ್ರದ ಕಿರೀಟ ಗೆದ್ದು, ಮೊಣಕಾಲು ಕೈಕೊಟ್ಟ ಮೇಲೆ ಕತ್ತಿ ಕೆಳಗಿಟ್ಟು, ಜಪಾನೀಯನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದರು. ಆ ನಿಯಮವನ್ನೂ ಜೊತೆಗೆ ತಂದರು. ಮಕ್ಕಳು ಯಂತ್ರದ ಕಡೆಗೆ ಕತ್ತು ತಿರುಗಿಸಿದರೆ ಗದರುತ್ತಿದ್ದರು. "ದೀಪ ಯಾಕೆ ನೋಡ್ತೀಯ? ಪೆಟ್ಟು ಬಿದ್ದದ್ದು ನಿನಗಲ್ಲವಾ, ನಿನಗೆ ಗೊತ್ತಿಲ್ಲವಾ?"

ಸಿರಿಗೆ ಹೇಳಿಟ್ಟ ಅಂಗಿ, ಆಗಿನ ಎಲ್ಲ ಸಾಮಾನುಗಳಂತೆ, ಎಲ್ಲೋ ಹಡಗಿನಲ್ಲಿ ಸಿಕ್ಕಿಬಿದ್ದಿತ್ತು. ಮಿನ್ ಸೆನ್ಸೇ ಒಂದು ದಿನ ತಮ್ಮದೇ ಹಳೆಯ ಅಂಗಿಯನ್ನು ತಂದು ಕೊಟ್ಟರು, ಚಾಂಪಿಯನ್ ಆದ ದಿನ ತೊಟ್ಟಿದ್ದ ಅಂಗಿ. ನಾನು ಬೇಡ ಬೇಡ ಎಂದು ಹಿಂಜರಿದೆ. ಬೀರುವಿನಲ್ಲಿಟ್ಟರೆ ಮಡಿಕೆಯಲ್ಲೇ ಎಳೆಗಳು ಮುರಿದು ಸಾಯುತ್ತವೆ, ಮಕ್ಕಳ ಮೈಮೇಲಿದ್ದರೆ ಬದುಕಿರುತ್ತವೆ, ನೆರಳಲ್ಲಿ ನೇತುಹಾಕಿದರೆ ಸಾಕು, ಬೇರೇನೂ ಮಾಡಬೇಡಿ ಎಂದರು.

ಬೇರೇನೂ ಮಾಡಬೇಡಿ ಎಂದರೆ ಸುಮ್ಮನಿರುವ ಜಾತಿಯೇ ನಾವು? ಮನೆಗೆ ತಂದು ನೋಡುತ್ತೇನೆ, ನಮ್ಮ ಜರಿ ಸೀರೆಯ ಸೆರಗಿನ ಹಾಗೆ ಹೊಳೆಯುವ ಬಟ್ಟೆ. ಎಡ ಭುಜದ ಮೇಲೆ ಮಾತ್ರ ಅಂಗೈ ಅಗಲದ ಹಸಿರುಗಪ್ಪು ಕಲೆ, ಅದರಿಂದ ಇಳಿದ ನಾಲ್ಕು ಗೆರೆ. ಹಿತ್ತಾಳೆ ಚೊಂಬಿಗೆ ಹಿಡಿಯುವ ಕಿಲುಬಿನಂಥದೇ. ಹೊಸ ಅಂಗಿ ಬರುವ ಸುದ್ದಿ ಬಂತು, ಭಾನುವಾರ ಮಕ್ಕಳೊಳಗೆ ಒಂದು ಸಣ್ಣ ಪಂದ್ಯ, ಅದು ಮುಗಿದ ಕೂಡಲೇ ಹಳೆಯದನ್ನು ಹಿಂತಿರುಗಿಸುವುದೆಂದು ಮಾತಾಯಿತು. ಎರವಲು ತಂದ ವಸ್ತುವನ್ನು ಕಲೆಯ ಸಮೇತ ಕೊಟ್ಟರೆ ನಮ್ಮ ಊರಿಗೇ ಅವಮಾನ ಎಂದುಕೊಂಡು, ಶುಕ್ರವಾರ ಭರಣಿಯಿಂದ ಹುಣಸೆಹಣ್ಣು ತೆಗೆದು, ನಾರಿನ ತವಾಶಿ ಬ್ರಷ್ಷಿನಿಂದ ಆ ಕಲೆಯನ್ನು ತಿಕ್ಕಿದೆ. ಮೊದಲು ಗೆರೆಗಳು ಹೋದವು, ಆಮೇಲೆ ಅಂಗೈ. ಅಂಗಿ ಹೊಚ್ಚ ಹೊಸದಾಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ ಎಂದರೂ ತಪ್ಪಿಲ್ಲ.

ಭಾನುವಾರದ ಪಂದ್ಯಕ್ಕೆ ಪ್ರೇಕ್ಷಕರಿಲ್ಲ. ನಾವು ತಾಯಂದಿರು ಕಾರಿಡಾರಿನಲ್ಲಿ ಅಂಟಿಸಿದ್ದ ಪಟ್ಟಿಗಳ ಮೇಲೆ ದೂರ ದೂರ ನಿಂತು ಗಾಜಿನಾಚೆಯಿಂದ ನೋಡುತ್ತಿದ್ದೆವು. ಪಂದ್ಯಕ್ಕೆ ಮುಂಚೆ ಪ್ರತಿ ಅಂಗಿಯನ್ನೂ ಒಂದು ಪುಟ್ಟ ದೀಪದ ಉಪಕರಣದಿಂದ ಪರೀಕ್ಷಿಸುವ ಸೆನ್ಸೇ ಅಂದು ಅದನ್ನು ಮಾಡಲಿಲ್ಲ. ಕೊನೆಯ ಪಂದ್ಯ ಸಿರಿಗೂ ಹರುಕಾ ಎಂಬ ಹುಡುಗಿಗೂ. ಅಂಕ ಸಮಸಮ, ಇನ್ನೊಂದೇ ತಾಕು ಬಾಕಿ. ಹರುಕಾ ನುಗ್ಗಿ ಬೀಸಿದಳು, ಸಿರಿ ಒಂದು ಹೆಜ್ಜೆ ಹಿಂದೆ ಹಾರಿದಳು; ದೀಪ ಹೊತ್ತಲಿಲ್ಲ. ಮರುಕ್ಷಣ ಸಿರಿಯ ಕತ್ತಿ ತಾಕಿ ದೀಪ ಹೊತ್ತಿತು. ನಾನು ಮಾಸ್ಕಿನೊಳಗೇ ಕೂಗಿಬಿಟ್ಟೆ. ಸಿರಿ ಮಾತ್ರ ನಗಲಿಲ್ಲ. ಸೆನ್ಸೇ ಫಲಿತಾಂಶ ಹೇಳಿ, ಎಂದೂ ಇಲ್ಲದ ಹಾಗೆ ಯಾರನ್ನೂ ಮಾತಾಡಿಸದೆ ಹೊರಟುಹೋದರು. ಅಂಗಿ ನಮ್ಮೊಂದಿಗೇ ಮನೆಗೆ ಬಂತು.

ಮನೆಯಲ್ಲಿ ಸಿರಿ ಊಟದ ತಟ್ಟೆ ಸರಿಸಿದಳು. "ಅಮ್ಮಾ, ಲ್ಯಾಂಪ್ ಬರ್ಲಿಲ್ಲ. ಬಟ್ ನಂಗೆ ತಾಕ್ತು. ಲೆಫ್ಟ್ ಶೋಲ್ಡರ್. ರಿಯಲೀ ಹಾರ್ಡ್ ಆಗಿ." ಅಂಗಿಯ ಕುತ್ತಿಗೆ ಸರಿಸಿ ತೋರಿಸಿದಳು, ಕೆಂಪು ಬರೆ ಎದ್ದಿತ್ತು. "ನಾನು ಕೈ ಎತ್ಲಿಲ್ಲ ಅಮ್ಮಾ."

ಎಡ ಭುಜ ಎಂದ ಮೇಲೆ ಹೇಳುವುದೇನು ಉಳಿದಿತ್ತು? ನಾನು ತಿಕ್ಕಿದ್ದು ಬರಿಯ ಕಿಲುಬನ್ನಲ್ಲ, ಎಳೆಗಳನ್ನೇ. ರಘು ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ಮಕ್ಕಳ ಮ್ಯಾಚು ಕಣೇ, ಅದನ್ನ ದೊಡ್ಡದು ಮಾಡ್ಬೇಡ, ಅಂಗಿ ಕೊಟ್ಟು ಸುಮ್ನೆ ಬಾ," ಎಂದ. ಅವನ ಮಾತು ಅನುಕೂಲವಾಗಿತ್ತು. ನನಗೂ ಒಂದು ಗಳಿಗೆ ಹಿತವಾಗಿಯೇ ಕಂಡಿತು. ಆದರೆ ವರ್ಷವೆಲ್ಲ ಬಾಯಿ ಮುಚ್ಚಿಕೊಂಡಿದ್ದ ಮಗು ಬಾಯಿ ಬಿಟ್ಟು ಇಂಥ ಮಾತನ್ನು ಹೇಳಿರುವಾಗ, ನಾನು ಸುಮ್ಮನಿರು ಎಂದರೆ ಅವಳು ಮತ್ತೆಂದೂ ಮಾತಾಡಲಿಕ್ಕಿಲ್ಲ ಎಂದು ಹೆದರಿದೆ. ಮುಂದಿನ ಶನಿವಾರ ಮಧ್ಯಾಹ್ನ, ಒಂದು ಡಬ್ಬಿ ರವೆ ಉಂಡೆ ಕಟ್ಟಿಕೊಂಡು, ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು, ಇಬ್ಬರೂ ರೈಲು ಹತ್ತಿದೆವು.

ವ್ಯಾಯಾಮಶಾಲೆಯಲ್ಲಿ ಸೆನ್ಸೇ ಒಬ್ಬರೇ ಇದ್ದರು. ನನ್ನ ಹರಕು ಜಪಾನೀ ಭಾಷೆ ಸುಮಿಮಾಸೆನ್, ಕ್ಷಮಿಸಿ, ಎಂಬಲ್ಲಿಗೇ ಮುಗಿದುಹೋಯಿತು. ಉಳಿದದ್ದನ್ನು ಸಿರಿಯೇ ಹೇಳಿದಳು, ನನ್ನ ತಪ್ಪನ್ನು ಮೊದಲು, ತನ್ನದನ್ನು ಆಮೇಲೆ. ಅವರು ಅಂಗಿಯನ್ನು ಮೇಜಿನ ಮೇಲೆ ಹರಡಿ, ಪುಟ್ಟ ದೀಪದ ಉಪಕರಣವನ್ನು ಅಂಗುಲ ಅಂಗುಲವಾಗಿ ಸರಿಸಿದರು. ಎದೆಯ ಮೇಲೆ ದೀಪ ಹೊತ್ತಿತು, ತೋಳಿನ ಮೇಲೆ ಹೊತ್ತಿತು, ಎಡ ಭುಜಕ್ಕೆ ಬಂದಾಗ ಆರಿತು.

"ಇಲ್ಲೊಂದು ಕಲೆಯಿತ್ತು," ಎಂದರು ಅವರು. ಅದು ಎಲ್ಲಿ ಹೋಯಿತೆಂದು ಕೇಳಿದರು.

ಹುಣಸೆಹಣ್ಣಿಗೆ ಜಪಾನೀ ಭಾಷೆಯಲ್ಲಿ ಏನೆನ್ನುತ್ತಾರೋ ಸಿರಿಗೂ ಗೊತ್ತಿರಲಿಲ್ಲ. ಇಲ್ಲಿ ಉಪ್ಪಿಗೆ ಹಾಕುವ ಉಮೆಬೋಶಿ ಹಣ್ಣಿನ ಹಾಗಿರುವ ನಮ್ಮೂರಿನ ಒಂದು ಹುಳಿ ಹಣ್ಣು, ಅದರಿಂದ ತಿಕ್ಕಿದೆವು ಎಂದಳು. ಸೆನ್ಸೇ ನಕ್ಕರು. ನಗುತ್ತಲೇ ಕುರ್ಚಿ ಎಳೆದುಕೊಂಡು ಕುಳಿತರು, ಕುಳಿತವರು ಬಹಳ ಹೊತ್ತು ಆ ಭುಜವನ್ನೇ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದ್ದನ್ನು ಸಿರಿ ನನಗೆ ತುಂಡು ತುಂಡಾಗಿ ದಾಟಿಸಿದಳು. ಗೆದ್ದು ಊರಿಗೆ ಬಂದ ದಿನ ಯಾರೋ ಫೋಟೋ ತೆಗೆಯಬೇಕೆಂದು ಈ ಅಂಗಿ ತೊಡಿಸಿದ್ದರಂತೆ. ಅಂಗಡಿಯ ಹಿಂದೆ ಕೋಸಿಗೆ ಉಪ್ಪುನೀರು ಹಾಕುತ್ತಿದ್ದ ತಾಯಿ ಹಾಗೇ ಓಡಿಬಂದು ಒದ್ದೆ ಕೈಯಿಂದ ಭುಜ ಹಿಡಿದುಕೊಂಡಳಂತೆ. ಆ ಉಪ್ಪು ಲೋಹಕ್ಕೆ ಹಿಡಿದು ಉಳಿದ ಗುರುತು ಅದು.

"ಅಮ್ಮಾ," ಎಂದಳು ಸಿರಿ, "ಅವರ ಅಮ್ಮ ಸತ್ತೋದ್ರಂತೆ. ಮ್ಯಾಚ್ ದಿನ ಬೆಳಿಗ್ಗೆ ಫೋನ್ ಬಂತಂತೆ. ಬಾರ್ಡರ್ ಕ್ಲೋಸ್ ಅಲ್ವಾ, ಹೋಗೋಕೇ ಆಗ್ಲಿಲ್ವಂತೆ."

ನಾನು ಅಳಿಸಿದ್ದು ಒಂದು ಕೈಯನ್ನು. ನಾಲ್ಕು ಬೆರಳನ್ನು ಮೊದಲು, ಅಂಗೈಯನ್ನು ಆಮೇಲೆ. ಆ ಕೈ ಮತ್ತೆ ಬರುವುದಿಲ್ಲ. ಸೆನ್ಸೇ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕುಳಿತು, ತೊಂದರೆಯಿಲ್ಲ, ತೊಂದರೆಯಿಲ್ಲ ಎಂದು ಈ ದೇಶದ ಸೌಜನ್ಯದಲ್ಲಿ ಎರಡು ಸಲ ಹೇಳಿದರು. ಆ ವಾರವೆಲ್ಲ ಎಲ್ಲರಿಗೂ ಹಾಗೇ ಹೇಳುತ್ತ ಪಾಠ ಮಾಡಿದ್ದರಂತೆ. ನನಗೆ ತಡೆಯಲಾಗಲಿಲ್ಲ. ಅಂತರಕ್ಕೆಂದು ನೆಲಕ್ಕೆ ಅಂಟಿಸಿದ್ದ ಪಟ್ಟಿಯನ್ನು ದಾಟಿ ಹೋಗಿ, ಮುಟ್ಟಬಾರದೆಂಬುದನ್ನು ಮರೆತು, ಅವರ ಎಡ ಭುಜದ ಮೇಲೆ ನನ್ನ ಕೈಯಿಟ್ಟೆ.

ಅವರು ತಲೆ ತಗ್ಗಿಸಿಕೊಂಡೇ, ಬರಿಗೈಯನ್ನು ಮೇಲೆತ್ತಿದರು. ಎತ್ತಿದ ಕೈಯನ್ನು ಇಳಿಸಲು ಮರೆತವರಂತೆ ಹಾಗೇ ಕುಳಿತು ಅತ್ತರು.

ಹರುಕಾಳ ಮುಂದೆ ಸಿರಿ ತಾನೇ ನಿಂತು ತನ್ನ ಗೆಲುವನ್ನು ಬಿಟ್ಟುಕೊಟ್ಟಳು. ಅಂಗಿ ಮತ್ತೆ ಪಂದ್ಯಕ್ಕೆ ಬರುವ ಹಾಗಿರಲಿಲ್ಲ. ಸೆನ್ಸೇ ಅದನ್ನು ಅಭ್ಯಾಸಕ್ಕೆ ಇಟ್ಟುಕೊಂಡರು. ಅದನ್ನು ತೊಟ್ಟವರು ಎಡ ಭುಜಕ್ಕೆ ಬಿದ್ದ ಏಟನ್ನು ತಾವೇ ಹೇಳಬೇಕು.

ಇಷ್ಟೆಲ್ಲ ಆದ ಮೇಲೂ ಶುಕ್ರವಾರ ಬಂದರೆ ನಾನು ಭರಣಿ ತೆಗೆಯುತ್ತೇನೆ. ಹುಟ್ಟುಗುಣ ಎಲ್ಲಿ ಹೋಗುತ್ತದೆ? ಜಪಾನಿಗೆ ಹೊರಡುವಾಗ ಅಮ್ಮ ತನ್ನ ಬಳಕೆಯ ತಾಮ್ರದ ಚೊಂಬನ್ನು ಕೊಟ್ಟಿದ್ದಳು. ಅದರ ಕಂಠದ ಕೆಳಗೆ, ಅವಳ ಹೆಬ್ಬೆರಳು ದಿನವೂ ಒತ್ತುತ್ತಿದ್ದ ಜಾಗದಲ್ಲಿ, ಒಂದು ಕಪ್ಪು ಕಲೆಯಿದೆ. ಎಷ್ಟೋ ವರ್ಷ ಅದರ ಜೊತೆ ಜಗಳವಾಡಿ ಸೋತಿದ್ದೆ. ಅದರ ಮುಂದಿನ ಶುಕ್ರವಾರ ಹುಣಸೆಹಣ್ಣು ಹಿಡಿದ ನನ್ನ ಕೈ ಸುತ್ತಲೂ ಬೆಳಗಿ ಅಲ್ಲಿಗೆ ಬಂದು ನಿಂತಿತು. ಅಮ್ಮನನ್ನು ನೋಡಿ ಎರಡು ವರ್ಷವಾಗಿತ್ತು. ದಾರಿ ಎಂದು ತೆರೆಯುವುದೋ ಯಾರಿಗೂ ಗೊತ್ತಿರಲಿಲ್ಲ.

"ಅಮ್ಮಾ, ಅಲ್ಲಿ ಮರ್ತೆ," ಎಂದಳು ಹಿಂದೆ ನಿಂತಿದ್ದ ಸಿರಿ.

"ಮರ್ತಿಲ್ಲ ಕಣೇ," ಎಂದು ಚೊಂಬನ್ನು ನೀರಿಗೆ ಹಿಡಿದೆ.